ಜೊತೆಯಿಲ್ಲದ ಸಾಂಬಾ

ತಿಪಟೂರಿನ ನನ್ನ ನೃತ್ಯ ತರಗತಿಯ ಬಾಗಿಲಲ್ಲಿ ಗಿರಿಜಕ್ಕ ಒಣಗಿದ ತೆಂಗಿನಕಾಯಿ ಹಿಡಿದು ನಿಂತಿದ್ದರು. ಅದರ ಹಿಂದಿನ ವರ್ಷ ತಮ್ಮ ಮದುವೆಯ ಬೆಳ್ಳಿಹಬ್ಬಕ್ಕೆಂದು ಯಜಮಾನರೊಂದಿಗೆ ಸಾಂಬಾ ಕಲಿಯುತ್ತಿದ್ದವರು, ಅವರು ತೀರಿಕೊಂಡ ಮೇಲೆ ಬಂದಿರಲಿಲ್ಲ. ನಾನು ಕಲಿಸುವ ಬಾಲ್‌ರೂಮ್ ಸಾಂಬಾಕ್ಕೆ ಜೋಡಿ ಬೇಕು. ಜೋಡಿಯಾಗಲು ನಾನೇ ಕೈ ಚಾಚಿದೆ.

“ಬ್ಯಾಡ ಬುಡಿ ಮೇಷ್ಟ್ರೇ. ಬ್ರೆಜಿಲ್‌ನಾಗೆ ಇದನ್ನ ಒಬ್ಬೊಬ್ರೇ ಕುಣೀತಾರೆ ಅಂತ ನೀವೇ ಹೇಳಿದ್ರಲ್ಲ? ಇದು ಅವ್ರು ಅಟ್ಟಕ್ಕೆ ಹಾಕಿದ್ ಕಾಯಿ ಕಣ್ರೀ. ಈಗ ಕೊಬ್ಬರಿ ಆಗೈತೆ, ಕೇಳಿ.”

ಅಲ್ಲಾಡಿಸಿದರು. ಚಿಪ್ಪಿನೊಳಗೆ ಕೊಬ್ಬರಿ ಲೊಡಲೊಡ ಎಂದಿತು. ನಾನು ಹಾಡು ಹಾಕಲಿಲ್ಲ. ಆ ಸದ್ದಿಗೇ ಹೆಜ್ಜೆ ಹಾಕುತ್ತ ಅಕ್ಕ ಒಬ್ಬರೇ ಇಡೀ ಕೋಣೆ ಸುತ್ತಿದರು.

ಜೋಡಿಗಳಿಗೆ ಕಲಿಸುವಾಗಲೆಲ್ಲ ಈಗಲೂ ನನಗೆ ಅದೇ ಕಾಣುತ್ತದೆ. ಒಬ್ಬರೇ ಕುಣಿದ ಗಿರಿಜಕ್ಕನ ಎಡಗೈ ಮಾತ್ರ ಕೊನೆಯವರೆಗೂ ಯಜಮಾನರ ಹೆಗಲೆತ್ತರದಲ್ಲೇ ಇತ್ತು.