ಹೊರಗಿನಿಂದ ಬಂದ ಆಟಗಾರರು

ಗೆಳೆಯರೇ, ಫುಟ್‌ಬಾಲ್ ಬಗ್ಗೆ ನಾನು ವರ್ಷಗಟ್ಟಲೆ ಮಾಡಿಕೊಂಡು ಬಂದ ವಾದ ಇವತ್ತು ಬೆಳಗ್ಗೆ ಮಾಲೂರಿನ ನಮ್ಮ ಮನೆಯಲ್ಲೇ ಸೋತಿತು. ಸ್ನೇಹಿತನಿಗೆ ಫೋನಿನಲ್ಲಿ ಹೇಳುತ್ತಿದ್ದೆ: "ಆಟ ಅಂದ್ರೆ ದೇಶದ ತಂಡದ್ದು ಕಣೋ. ಕ್ಲಬ್ಬಲ್ಲಿ ಎಲ್ಲಾ ಹೊರಗಿಂದ ಬಂದೋರು. ಅವ್ರಿಗೆಲ್ಲಿ ಪ್ರೀತಿ ಇರುತ್ತೆ?"

ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ತಲೆಯೆತ್ತದೆ ಕೇಳಿದಳು: "ನಾನೂ ಮುಳಬಾಗಿಲಿಂದ ಬಂದೋಳೇ ಅಲ್ವೇನ್ರೀ? ಹನ್ನೊಂದು ವರ್ಷದಿಂದ ಯಾರ ಕಡೆ ಆಡ್ತಿದೀನಿ?"

ಅಮ್ಮ ಮೊರವನ್ನು ಎಳೆದುಕೊಂಡು ಸೊಸೆಯ ಪಕ್ಕಕ್ಕೆ ಸರಿದು ಕೂತರು. "ನಾನೂ ಶ್ರೀನಿವಾಸಪುರದಿಂದ ಬಂದೋಳು ಕಣಪ್ಪಾ. ನಲವತ್ತು ವರ್ಷ ಆಯ್ತು."

ಫೋನ್ ಇಟ್ಟೆ. ಈ ತಂಡದಲ್ಲಿ ಇಲ್ಲೇ ಹುಟ್ಟಿದ ಆಟಗಾರ ನಾನೊಬ್ಬನೇ. ಇಷ್ಟು ವರ್ಷ ಬೆಂಚಿನ ಮೇಲೆ ಕೂತಿದ್ದವನನ್ನು ಇವತ್ತು ಅವರೆಕಾಯಿ ಸುಲಿಯಲು ಕಣಕ್ಕಿಳಿಸಿದ್ದಾರೆ.