ಅಪ್ಪ ಬಗ್ಗಿಸಿದ ಹಲಸಿನ ಹಲಗೆ

ನಾನು ಚಿಕ್ಕವಳಿದ್ದಾಗ, ಅಂದರೆ ಎರಡು ಜಡೆ ಹಾಕಿಕೊಂಡು ಬೀದಿಯೆಲ್ಲ ಬಾಯಿ ಮಾಡುತ್ತ ತಿರುಗುತ್ತಿದ್ದ ವಯಸ್ಸಿನಲ್ಲಿ, ನಮ್ಮ ಮನೆಯ ಹಿತ್ತಲಲ್ಲಿ ಮರ ಬೇಯುತ್ತಿತ್ತು. ನಗಬೇಡಿ ಮಕ್ಕಳೇ, ನಿಜವಾಗಿಯೂ ಬೇಯುತ್ತಿತ್ತು. ಸ್ನಾನದ ಹಂಡೆಯಲ್ಲಿ ನೀರು ಕುದಿಸಿ, ಅದನ್ನು ಚೊಂಬು ಚೊಂಬಾಗಿ ಹಲಸಿನ ಹಲಗೆಯ ಮೇಲೆ ಹುಯ್ದು, ಹಲಗೆ ಮೆತ್ತಗಾದ ಮೇಲೆ ಅಪ್ಪ ಅದನ್ನು ದುಂಡಗೆ ಬಗ್ಗಿಸುತ್ತಿದ್ದರು. ಬಿಸಿನೀರು ಬಿದ್ದ ಹಲಸಿನ ಮರಕ್ಕೆ ಒಂದು ಸಿಹಿಯಾದ ವಾಸನೆ ಇರುತ್ತದೆ. ಅದು ಒಳ್ಳೆಯ ವಾಸನೆಯೇ. ಆದರೆ ಈಗಲೂ ಎಲ್ಲಾದರೂ ಅದು ಮೂಗಿಗೆ ಬಡಿದರೆ ನಾನು ಅಲ್ಲಿ ನಿಲ್ಲದೆ ಮುಂದೆ ಹೋಗಿಬಿಡುತ್ತೇನೆ.

ನಮ್ಮದು ದೊಡ್ಡಬಳ್ಳಾಪುರದ ಮಗ್ಗದವರ ಬೀದಿ. ಎರಡೂ ಕಡೆ ಮನೆಮನೆಯಲ್ಲಿ ಕರೆಂಟಿನ ಮಗ್ಗಗಳು. ಬೆಳಿಗ್ಗೆ ಕಣ್ಣು ಬಿಡುವುದರೊಳಗೆ ಟಕಟಕ ಶುರುವಾದರೆ ಕತ್ತಲಾಗುವವರೆಗೂ ನಿಲ್ಲುತ್ತಿರಲಿಲ್ಲ. ನಮಗೆ ಅದು ಸದ್ದು ಅಂತಲೇ ಅನ್ನಿಸುತ್ತಿರಲಿಲ್ಲ ಬಿಡಿ. ಕರೆಂಟು ಹೋಗಿ ಮಗ್ಗ ನಿಂತಾಗಲೇ ನಾವು ಬೆಚ್ಚಿಬೀಳುತ್ತಿದ್ದದ್ದು. ಇಡೀ ಬೀದಿ ಒಮ್ಮೆಗೇ ಬಾಯಿ ಮುಚ್ಚಿದಂತಾಗಿ, ಜನ ಜಗಲಿಗೆ ಬಂದು ಕೂರುತ್ತಿದ್ದರು. ಅಪ್ಪ ಬಡಗಿ. ಮಗ್ಗದ ಮರದ ಭಾಗಗಳು ಸವೆದರೂ ಮುರಿದರೂ ಬೀದಿಯವರು ಅವರನ್ನೇ ಕರೆಯುತ್ತಿದ್ದರು.

ಅಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಏಳನೇ ಕ್ಲಾಸು ಮುಗಿದ ಮೇಲೆ ಅಪ್ಪ ತಾವೇ ಕೈಹಿಡಿದು ಕರೆದುಕೊಂಡು ಹೋಗಿ ಅವಳನ್ನು ಒಂದು ಮಗ್ಗದ ಶೆಡ್ಡಿಗೆ ಸೇರಿಸಿದ್ದರು. ಸಂಜೆ ಅವಳು ಬರುವುದು ಕಾಣುವ ಮೊದಲೇ ಕೇಳಿಸುತ್ತಿತ್ತು, ಅಷ್ಟು ಹಾಡುತ್ತಿದ್ದಳು. ಶೆಡ್ಡಿನ ಸದ್ದಿನ ಮೇಲೆ ಹಾಡಿ ಹಾಡಿ ಅವಳ ಗಂಟಲು ಗಟ್ಟಿಯಾಗಿಬಿಟ್ಟಿತ್ತು. ಐದು ವರ್ಷ ಹೀಗೆ ನಡೆಯಿತು. ಆಮೇಲೆ ಒಂದು ಬೇಸಿಗೆಯಲ್ಲಿ ಅವಳಿಗೆ ವಿಷಮಜ್ವರ ಬಂತು. ಜ್ವರ ಇಳಿದು ಎದ್ದು ಕೂತಾಗ ಅವಳಿಗೆ ನಮ್ಮ ಮಾತು ಕೇಳಿಸುತ್ತಿರಲಿಲ್ಲ. ತುಟಿ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಬೇಗ ಕಲಿತಳು. ಹಾಡುವುದನ್ನು ಮಾತ್ರ ಬಿಟ್ಟಳು.

ಬೆಂಗಳೂರಿನ ಡಾಕ್ಟರು ನೋಡಿ, ಜ್ವರದಿಂದ ಕಿವಿಯ ನರ ಸತ್ತಿದೆ, ಮಾಡುವುದಕ್ಕೆ ಏನೂ ಇಲ್ಲ ಎಂದರು. ಅಪ್ಪ ಒಪ್ಪಲಿಲ್ಲ. ಕಿವಿ ಕೆಟ್ಟದ್ದು ಜ್ವರದಿಂದಲ್ಲ, ಮಗ್ಗದ ಸದ್ದಿನಿಂದ ಎಂದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಯಾಕೆಂದರೆ ಶೆಡ್ಡಿಗೆ ಸೇರಿಸಿದವರು ಅವರೇ. ಸದ್ದಿನಿಂದ ಕೆಟ್ಟ ಕಿವಿಯನ್ನು ಒಳ್ಳೆಯ ಸದ್ದಿನಿಂದಲೇ ಎಬ್ಬಿಸಬಹುದು ಎಂದು ತಮಗೆ ತಾವೇ ಹೇಳಿಕೊಂಡರು.

ಮನೆಯಲ್ಲಿ ಒಂದು ಹಳೆಯ ರೇಡಿಯೋ ಇತ್ತು. ಅಪ್ಪ ರೇಡಿಯೋ ರಿಪೇರಿಯವರಿಂದ ಊಟದ ತಟ್ಟೆಯಷ್ಟು ಅಗಲದ ಸ್ಪೀಕರ್ ತಂದು, ಅದಕ್ಕೆ ತಾವೇ ಪೆಟ್ಟಿಗೆ ಮಾಡುತ್ತೇನೆ ಎಂದು ಹೊರಟರು. ಅದೂ ಚೌಕದ ಪೆಟ್ಟಿಗೆಯಲ್ಲ, ಬೆನ್ನು ದುಂಡಗಿರುವ ಪೆಟ್ಟಿಗೆ.

"ಮೂಲೆ ಇದ್ರೆ ಸದ್ದು ಅಲ್ಲೇ ಕೂತ್ಕಂಬಿಡ್ತದೆ ಕಣಮ್ಮಿ" ಎಂದು ನನಗೆ ಪಾಠ ಹೇಳುತ್ತಿದ್ದರು. "ವೀಣೆಗೆ ಮೂಲೆ ಐತಾ? ತಮಟೆಗೆ ಐತಾ? ದುಂಡಗಿದ್ರೆ ಸದ್ದು ಸುತ್ತಾಕಂಡು ಪೂರ್ತಿ ಈಚೆಗೆ ಬರ್ತದೆ."

ಮೊದಲನೆಯ ಪೆಟ್ಟಿಗೆ ಮುಗಿದಾಗ ಅಕ್ಕನನ್ನು ಎದುರಿಗೆ ಕೂರಿಸಿ ರೇಡಿಯೋ ಹಾಕಿದರು. ಅಕ್ಕ ಸ್ವಲ್ಪ ಹೊತ್ತು ಕಾದು, ಇಲ್ಲ ಎಂದು ತಲೆ ಆಡಿಸಿದಳು. ಅಪ್ಪ ಪೆಟ್ಟಿಗೆಯದೇ ತಪ್ಪು ಎಂದು ಅದನ್ನು ಕೊಡಲಿಯಿಂದ ಸೀಳಿ ನೀರೊಲೆಗೆ ಹಾಕಿದರು. ಎರಡನೆಯದು ಇನ್ನೂ ದೊಡ್ಡದು. ಅದಕ್ಕೂ ಅಕ್ಕ ಇಲ್ಲ ಎಂದಳು. ಅದೂ ನೀರೊಲೆಗೆ ಹೋಯಿತು. ಆ ದಿನ ಅಪ್ಪ ಊಟಕ್ಕೆ ಏಳಲಿಲ್ಲ. ಗೋಡೆಗೆ ಒರಗಿ ತಮ್ಮ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತ ಕೂತಿದ್ದರು. ಅಕ್ಕ ಬಾಗಿಲ ಸಂದಿಯಿಂದ ಅದನ್ನು ನೋಡುತ್ತ ನಿಂತಿದ್ದಳು.

ಮೂರನೆಯ ಪೆಟ್ಟಿಗೆಗೆ ಅಪ್ಪ ಹುಡುಕಿ ತಂದ ಹಲಗೆ ಹಳೆಯ ಹಲಸಿನದು, ಅರಿಶಿನದಂಥ ಬಣ್ಣ. ಬಗ್ಗಿಸುವ ಕೆಲಸ ನೋಡಿದವರಿಗಷ್ಟೇ ಗೊತ್ತು. ಹಲಗೆಯ ಒಳಮೈಗೆ ಅರ್ಧರ್ಧ ಬೆರಳಿಗೊಂದು ಗರಗಸದ ಗೀರು ಹಾಕಬೇಕು. ಗೀರು ಮುಕ್ಕಾಲು ಭಾಗ ಮಾತ್ರ ಇಳಿಯಬೇಕು. ಕಡಿಮೆಯಾದರೆ ಹಲಗೆ ಬಗ್ಗುವುದಿಲ್ಲ, ಕೂದಲಷ್ಟು ಹೆಚ್ಚಾದರೂ ಲಟಕ್ಕೆಂದು ಮುರಿಯುತ್ತದೆ. ಅಪ್ಪ ಎರಡು ಗೀರಿಗೊಮ್ಮೆ ಗರಗಸ ನಿಲ್ಲಿಸಿ, ಬೆರಳಿನ ಗೆಣ್ಣಿನಿಂದ ಹಲಗೆಯನ್ನು ತಟ್ಟಿ ಕಿವಿಗೊಡುತ್ತಿದ್ದರು. ಬಗ್ಗಿಸುವುದಕ್ಕೆ ಅಚ್ಚು ಯಾವುದು ಗೊತ್ತೇ? ಅಮ್ಮನ ಒರಳುಕಲ್ಲು. ಕುದಿಯುವ ನೀರು ಹುಯ್ಯುತ್ತ, ಹಲಗೆಯನ್ನು ಒರಳಿನ ಸುತ್ತ ಇಂಚಿಂಚೇ ಒತ್ತಿ, ಹರಿದ ಸೈಕಲ್ ಟ್ಯೂಬುಗಳಿಂದ ಬಿಗಿದು ಕಟ್ಟಿದರು. ಅದು ಒಣಗುವವರೆಗೆ ನಮ್ಮ ಮನೆಯಲ್ಲಿ ದೋಸೆಯಿಲ್ಲ, ಚಟ್ನಿಯಿಲ್ಲ. ನಾನು ಮುಖ ಊದಿಸಿಕೊಂಡರೆ ಅಮ್ಮ, "ಅಕ್ಕಂಗೋಸ್ಕರ ನಾಕು ದಿನ ಬಾಯಿ ಕಟ್ಟಕಾಗಲ್ವೇನೆ ನಿಂಗೆ?" ಎಂದು ಗದರಿದರು. ಬಾಯಿ ಕಟ್ಟುವುದು ನನ್ನ ಜಾಯಮಾನದಲ್ಲೇ ಇರಲಿಲ್ಲ.

ಅದು ಶನಿವಾರ. ಬೆಳಗಿನ ಸ್ಕೂಲು ಮುಗಿಸಿ ಬರುವಷ್ಟರಲ್ಲಿ ಪೆಟ್ಟಿಗೆ ನಡುಮನೆಯಲ್ಲಿ ಕೂತಿತ್ತು. ಅರಗಿನ ಪಾಲಿಶ್ ಹಾಕಿ ತಿಕ್ಕಿದ್ದರಿಂದ ಅದರ ದುಂಡು ಬೆನ್ನಿನಲ್ಲಿ ಬಾಗಿಲು, ಬೀದಿ, ನನ್ನ ಮುಖ ಎಲ್ಲವೂ ಉದ್ದುದ್ದವಾಗಿ ಕಾಣುತ್ತಿತ್ತು. ಸವರಿ ನೋಡಿದರೆ ಎಲ್ಲೂ ಒಂದು ಸಂದು ಕೈಗೆ ಸಿಗಲಿಲ್ಲ. ಅಪ್ಪ ಬೆಳಿಗ್ಗೆಯೇ ಕ್ಷೌರ ಮಾಡಿಸಿಕೊಂಡು ಬಂದು ಒಗೆದ ಅಂಗಿ ಹಾಕಿಕೊಂಡಿದ್ದರು. ಅಕ್ಕನನ್ನು ಹಗ್ಗದ ಮಂಚದ ಮೇಲೆ ಕೂರಿಸಿದರು. ಅಮ್ಮ ದೇವರಿಗೆ ದೀಪ ಹಚ್ಚಿ ಬಂದರು.

ಅಪ್ಪ ರೇಡಿಯೋದ ಕಿವಿ ತಿರುಗಿಸಿದರು. ಆಗಿನ ರೇಡಿಯೋ ಬಿಸಿಯಾಗುವುದಕ್ಕೆ ಒಂದು ನಿಮಿಷ ಬೇಕಿತ್ತು. ಮೊದಲು ಹಳದಿ ದೀಪ ಹತ್ತಿತು, ಆಮೇಲೆ ಹಾಡು ಬಂತು. ಒಬ್ಬ ಹೆಂಗಸು ತೊಟ್ಟಿಲ ಹಾಡು ಹಾಡುತ್ತಿದ್ದಳು. ಅಂಥ ಸದ್ದನ್ನು ನಾನು ಆವರೆಗೆ ಕೇಳಿಯೇ ಇರಲಿಲ್ಲ. ಆಕೆ ನಮ್ಮ ನಡುಮನೆಯಲ್ಲೇ ಕೂತು ಹಾಡುತ್ತಿದ್ದಾಳೇನೋ ಅನ್ನಿಸಿತು. ಬೀದಿಯ ಮಗ್ಗಗಳ ಟಕಟಕದ ನಡುವೆಯೂ ಆಕೆ ಉಸಿರು ತೆಗೆದುಕೊಳ್ಳುವುದು ಕೂಡ ಕೇಳಿಸುತ್ತಿತ್ತು.

ಅಕ್ಕ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ನಕ್ಕಳು.

"ಕೇಳ್ತೈತಪ್ಪ" ಎಂದಳು. "ಸಣ್ಣಗೆ ಕೇಳ್ತೈತೆ."

ಅಪ್ಪನ ಮುಖವನ್ನು ನಾನು ಹೇಗೆ ಹೇಳಲಿ? ಒಂದು ವರ್ಷದಿಂದ ಆ ಮನುಷ್ಯ ನಕ್ಕಿರಲಿಲ್ಲ. ಈಗ ಹಲ್ಲೆಲ್ಲ ಕಾಣುವಂತೆ ನಕ್ಕರು. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಕ್ಕ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ, ಮೆಲ್ಲಗೆ ತಲೆದೂಗತೊಡಗಿದಳು. ನಾನು ಸಂತೋಷಕ್ಕೆ ಒಂಟಿಕಾಲಲ್ಲಿ ಕುಣಿದೆ.

ಆಗ ಕರೆಂಟು ಹೋಯಿತು.

ರೇಡಿಯೋದ ಹಳದಿ ದೀಪ ಆರಿತು. ಹಾಡು ನಿಂತಿತು. ಬೀದಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಯಾರೋ ಜಗಲಿಯಲ್ಲಿ ಕೆಮ್ಮಿದ್ದು ಕೇಳಿಸುವಷ್ಟು ಮೌನ. ಅಕ್ಕ ಮಾತ್ರ ಕಣ್ಣು ಮುಚ್ಚಿಕೊಂಡು, ನಗುಮುಖದಲ್ಲಿ ತಲೆದೂಗುತ್ತಲೇ ಇದ್ದಳು. ಬೆರಳು ತಾಳ ಹಾಕುತ್ತಲೇ ಇತ್ತು.

ಅಪ್ಪ ಅವಳನ್ನು ನೋಡಿದರು. ಅವರಿಗೆ ಎಲ್ಲ ತಿಳಿಯಿತು ಅಂತ ಈಗ ನನಗೆ ಗೊತ್ತಾಗುತ್ತದೆ. ಆಗ ನನಗೆ ಗೊತ್ತಾಗಲಿಲ್ಲ. ಅಪ್ಪ ನನ್ನ ಕಡೆ ತಿರುಗಿ, ಬೇಡ, ಸುಮ್ಮನಿರು ಎಂದು ಕೈ ಅಡ್ಡ ಆಡಿಸಿದರು. ನಾನು ಅದನ್ನು ಕಂಡೂ ನಿಲ್ಲಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ ಮಕ್ಕಳೇ. ಹಾಡೇ ಇಲ್ಲದೆ ತಲೆದೂಗುವವರನ್ನು ನೋಡಿ ಕಿಸಕ್ಕನೆ ನಕ್ಕುಬಿಟ್ಟೆ. ಓಡಿಹೋಗಿ ಅವಳ ಭುಜ ಹಿಡಿದು ಅಲ್ಲಾಡಿಸಿದೆ. ಅವಳು ಕಣ್ಣು ಬಿಟ್ಟಳು.

"ಕರೆಂಟು ಓಗಿ ಎಷ್ಟೊತ್ತಾಯ್ತು! ಯಾವ ಹಾಡಿಗೆ ತಲೆ ಆಡಿಸ್ತಿದೀಯ ಅಕ್ಕ?"

ಅವಳು ನನ್ನ ತುಟಿ ನೋಡಿದಳು. ಆರಿದ ದೀಪ ನೋಡಿದಳು. ಸೆರಗು ಬಾಯಿಗೆ ತುರುಕಿಕೊಂಡಿದ್ದ ಅಮ್ಮನನ್ನು ನೋಡಿದಳು. ಕೊನೆಗೆ ಅಪ್ಪನ ಕಡೆ ತಿರುಗಿದಳು. ನಗು ಇನ್ನೂ ಅವಳ ಮುಖದಲ್ಲೇ ಇತ್ತು, ಅದನ್ನು ಎಲ್ಲಿ ಇಡಬೇಕೋ ಗೊತ್ತಾಗದವಳ ಹಾಗೆ ಕೂತಿದ್ದಳು.

"ಇದುನ್ನ ಒಡೀಬೇಡಪ್ಪ" ಎಂದಳು. "ನಿನ್ನ ಪೆಟ್ಟಿಗೇಲಿ ಏನೂ ತೆಪ್ಪಿಲ್ಲ. ನನ್ನ ಕಿವೀನೇ ಹೊಂಟೋಗಿರೋದು. ಇನ್ನ ಸಾಕು ಕಣಪ್ಪ, ಬಿಡು."

ಅಪ್ಪ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತರು. ಒಗೆದ ಅಂಗಿಯ ತೋಳಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. "ನಾನೇ ಕಣವ್ವ ನಿನ್ನ ಕೈಹಿಡಕಂಡೋಗಿ ಅಲ್ಲಿ ಬಿಟ್ಟು ಬಂದಿದ್ದು, ನಾನೇ" ಎಂದು ಅದನ್ನೇ ಹೇಳುತ್ತಿದ್ದರು. ಮುಖ ಮುಚ್ಚಿಕೊಂಡಿದ್ದರಿಂದ ಅವರ ತುಟಿ ಅಕ್ಕನಿಗೆ ಕಾಣಲಿಲ್ಲ. "ಅಪ್ಪ ಏನಂತೈತೆ?" ಎಂದು ಅವಳು ನನ್ನನ್ನು ಕೇಳಿದಳು. ಅಷ್ಟು ಬಾಯಿ ಇದ್ದ ನನಗೆ ಆಗ ಒಂದು ಮಾತೂ ಹೊರಡಲಿಲ್ಲ.

ಅಷ್ಟರಲ್ಲಿ ಕರೆಂಟು ಬಂತು. ಬೀದಿಯ ಮಗ್ಗಗಳು ಶುರುವಾದವು. ಒಂದು ನಿಮಿಷ ಕಳೆದು ರೇಡಿಯೋದಿಂದ ಬೇರೆ ಹಾಡು, ಅದೇ ತುಂಬು ಸದ್ದಿನಲ್ಲಿ ಬಂತು. ಅಪ್ಪ ಬಡಗಿಯಾಗಿ ಅದಕ್ಕಿಂತ ಒಳ್ಳೆಯ ಕೆಲಸ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಯಾರಿಗೋಸ್ಕರ ಮಾಡಿದರೋ ಅವಳೊಬ್ಬಳಿಗೆ ಬಿಟ್ಟು ಬೀದಿಗೆಲ್ಲ ಅದು ಕೇಳಿಸಿತು. ಬಸ್‌ಸ್ಟ್ಯಾಂಡಿನ ಹೋಟೆಲಿನವರು ಬಂದು ನಮಗೂ ಇಂಥದ್ದೊಂದು ಮಾಡಿಕೊಡಿ ಎಂದು ಕೇಳಿದರು. ಅಪ್ಪ ಆಗಲ್ಲ ಎಂದುಬಿಟ್ಟರು. ಮತ್ತೆ ಅವರು ಮರ ಬಗ್ಗಿಸಲಿಲ್ಲ.

ಅಕ್ಕ ಆ ದಿನದ ಮಾತನ್ನು ಯಾವತ್ತೂ ಎತ್ತಲಿಲ್ಲ. ನನ್ನ ಮೇಲೆ ಸಿಟ್ಟೂ ಮಾಡಲಿಲ್ಲ, ಅಂದು ಸಂಜೆ ನನ್ನ ಜಡೆ ಹಾಕಿದವಳೂ ಅವಳೇ. ಮನೆಯಲ್ಲೇ ನೂಲು ಸುತ್ತುತ್ತ, ನನ್ನ ಮಕ್ಕಳನ್ನು, ಬೀದಿಯವರ ಮಕ್ಕಳನ್ನು ಎತ್ತಿ ಆಡಿಸುತ್ತ ಬದುಕಿದಳು. ತಪ್ಪಾಯ್ತು ಎಂದು ನಾನು ಹೇಳಬೇಕಿದ್ದರೆ ಅವಳ ಎದುರಿಗೆ ಕೂತು, ಅವಳು ನನ್ನ ತುಟಿ ನೋಡುವಂತೆ ಹೇಳಬೇಕಿತ್ತು. ಆ ಧೈರ್ಯ ನನಗೆ ಬರಲೇ ಇಲ್ಲ. ಈಗ ಅವಳಿಲ್ಲ. ಹೇಳದೆ ಉಳಿದದ್ದು ನನ್ನ ಹತ್ತಿರವೇ ಉಳಿಯಿತು.

ನಿಮ್ಮ ಕಾಲ ಬೇರೆ ಮಕ್ಕಳೇ. ಈಗ ಪೆಟ್ಟಿಗೆಯೂ ಬೇಡ, ಒರಳುಕಲ್ಲೂ ಬೇಡ. ಹುಣಸೆ ಬೀಜದಷ್ಟು ಒಂದು ಸಾಮಾನನ್ನು ಕಿವಿಗೆ ಸಿಕ್ಕಿಸಿಕೊಂಡರೆ ಲೋಕದ ಹಾಡೆಲ್ಲ ನಿಮ್ಮೊಬ್ಬರಿಗೇ ಕೇಳಿಸುತ್ತದೆ. ಪಕ್ಕದಲ್ಲಿ ಕೂತವರಿಗೂ ಕೇಳಿಸುವುದಿಲ್ಲ. ಮಧ್ಯಾಹ್ನ ನಾನು ಊಟಕ್ಕೆ ಕರೆಯಲು ಬರುತ್ತೇನೆ. ಮನೆ ನಿಶ್ಶಬ್ದವಾಗಿರುತ್ತದೆ. ನಿಮ್ಮಲ್ಲಿ ಒಬ್ಬರು ಸೋಫಾದ ಮೇಲೆ ಕೂತು, ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಾಡಿಸುತ್ತ ತಲೆದೂಗುತ್ತಿರುತ್ತಾರೆ. ಅಜ್ಜಿಗೆ ವಯಸ್ಸಾಯಿತು, ಬಂದ ಕೆಲಸ ಮರೆತು ನಿಂತುಬಿಡುತ್ತಾಳೆ ಎಂದು ನೀವು ನಿಮ್ಮಮ್ಮನಿಗೆ ಹೇಳಿ ನಗುತ್ತೀರಿ. ನಾನು ಏನನ್ನೂ ಮರೆತಿರುವುದಿಲ್ಲ. ಅನ್ನ ಆರಿಹೋದರೂ ಪರವಾಗಿಲ್ಲ, ನಿಮ್ಮ ಭುಜ ಮುಟ್ಟಲು ನನ್ನ ಕೈ ಏಳುವುದಿಲ್ಲ. ನೀವಾಗಿ ಕಣ್ಣು ಬಿಡುವವರೆಗೆ ಕಾಯುತ್ತ ನಿಂತಿರುತ್ತೇನೆ.