ಚಾರ್ಜರ್ ಇರುವ ಬಾಡಿಗೆ ಮನೆ

ಸಿಂಧನೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತ ವಿರೂಪಾಕ್ಷಪ್ಪನವರ ಅಂಗಳಕ್ಕೆ ಹೋದವನು, ಗೋಡೆಯ ಗೂಡಿನಲ್ಲಿ ಚೆಂಡುಹೂವಿನ ಹಾರ, ಹಸಿರು ದೀಪ ಕಂಡು ಚಪ್ಪಲಿ ಬಿಟ್ಟು ಕಣ್ಣುಮುಚ್ಚಿ ಕೈಮುಗಿದೆ. "ಅದು ಕರೆಂಟ್ ಗಾಡಿ ಚಾರ್ಜರ್ ರೀ, ನಾಕನೇದು, ನಿನ್ನೆ ಕೂಡ್ರಿಸೀನಿ," ಎಂದು ಹಿಂದಿನಿಂದ ಅವರ ದನಿ ಬಂತು. ಈ ನಿವೃತ್ತ ಲೈನ್‌ಮನ್ ತಮ್ಮ ನಾಲ್ಕೂ ಬಾಡಿಗೆ ಮನೆಗಳಿಗೆ ಒಂದೊಂದು ಚಾರ್ಜರ್ ಹಾಕಿಸಿದ್ದಾರೆ. ಹಲ್ಲುಜ್ಜುವ ಮೊದಲೇ ಜೇಬಿನ ಟೆಸ್ಟರ್ ತೆಗೆದು ನಾಲ್ಕರ ನಾಡಿ ನೋಡುತ್ತಾರೆ. ಮಳೆ ಹನಿದರೆ ತಾವು ನೆನೆದು ಅವಕ್ಕೆ ಕೊಡೆ ಹಿಡಿಯುತ್ತಾರೆ. ಚಾರ್ಜಿಗೆ ಹಚ್ಚಿದ ಗಾಡಿಯ ಹತ್ತಿರ ಯಾರಾದರೂ ಜೋರಾಗಿ ಮಾತಾಡಿದರೆ, "ಏ, ಉಣ್ಣಾಕತ್ತೈತಿ, ಸುಮ್ನಿರ್ರಿ!" ಪೂರ್ತಿ ತುಂಬಿದ ಮೇಲೂ ವೈರ್ ಬಿಡಿಸದ ಬಾಡಿಗೆಗಿರುವ ನಂದಿನಿಗೆ, "ಅಜೀರ್ಣ ಆಕ್ಕೈತವ್ವ, ತಗಿ." ನನಗೆ ಮನೆ ತೋರಿಸುವಾಗಲೂ ಅಡುಗೆಮನೆಗೆ ಅರ್ಧ ನಿಮಿಷ, ಅರ್ಥಿಂಗಿಗೆ ಅರ್ಧ ತಾಸು. ಆ ಅರ್ಧ ತಾಸಿನಲ್ಲೇ ಮಾತಿಗೆ ಮಾತು ಬಂದು ಹೇಳಿದರು: ಲಿಂಗಸುಗೂರಿನಲ್ಲಿ ನೌಕರಿಗೆ ಸೇರಿದ ಹೊಸದರಲ್ಲಿ ಹಗಲೆಲ್ಲ ಮನೆಮನೆಗೆ ಕರೆಂಟ್ ಕೊಟ್ಟು, ಸಂಜೆ ಅವೇ ಓಣಿಗಳಲ್ಲಿ ಬಾಡಿಗೆಗೆ ಕೇಳಿದರೆ, ಇವರ ಜಾತಿ ತಿಳಿದ ಕೂಡಲೇ ಹನ್ನೊಂದು ಮನೆಗಳ ಕೀಲಿಕೈ ಕಳೆದುಹೋಗಿದ್ದವಂತೆ. ನಾಲಿಗೆ ತುದಿಯಲ್ಲಿಟ್ಟುಕೊಂಡು ಬಂದಿದ್ದ ನನ್ನ ಕುಲಗೋತ್ರವನ್ನು ಮೆಲ್ಲಗೆ ನುಂಗಿಕೊಂಡೆ. ಆದರೂ ಕೆದಕುವ ಹಾಳು ಚಟ ನನ್ನದು. "ಮತ್ತ ನಿಮ್ಮ ಮನಿಗೆ ಬಂದವ್ರನ್ನ ಯಾವ ಮಂದಿ ಅಂತ ನೀವು ಕೇಳೂದಿಲ್ಲೇನ್ರೀ?" ಎಂದೆ. ಅವರು ಗೇಟಿನಾಚೆ ನಿಂತಿದ್ದ ನನ್ನ ಹಳೇ ಗಾಡಿಯನ್ನೊಮ್ಮೆ ನೋಡಿ, ನಗದೆ ಹೇಳಿದರು: "ಕೇಳದಽ ಬಿಡ್ತೀನೇನ್ರೀ? ಪೆಟ್ರೋಲ್ ಮಂದಿನೋ, ಕರೆಂಟ್ ಮಂದಿನೋ ಅಂತ ಕೇಳೇ ಕೇಳ್ತೀನಿ."